ನದಿಯ ನಡುಗಡ್ಡೆ, ಊರ ಹುಣಸೆ

ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯವರಿಗೆ ದ್ವೀಪವೆಂಬುದು ಭೂಗೋಳದ ಪಾಠದಲ್ಲಿ ಕೇಳಿದ ಮಾತು. ಸುತ್ತಲೂ ನೀರಿರುವ ನೆಲವೆಂದು ಮಕ್ಕಳು ಒಪ್ಪಿಸುತ್ತಿದ್ದರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆಯಲ್ಲಿ ಅದನ್ನು ತೋರಿಸುವ ಬಗೆ ಉಪಾಧ್ಯಾಯನಿಗಿರಲಿಲ್ಲ. ದ್ವೀಪವು ಜೀವಿಗಳನ್ನು ಹೇಗೆ ಪೊರೆಯುತ್ತದೆ ಎಂಬುದನ್ನು ತಿಳಿಯಲು ಸಮುದ್ರದವರೆಗೆ ಹೋಗಬೇಕಾಗಿಯೂ ಇಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಾಕು.

ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಅಡ್ಡಗಟ್ಟೆ ಕಟ್ಟಿಸಿದ್ದರಿಂದ ಅಲ್ಲಿ ನಡುಗಡ್ಡೆಗಳು ಉಂಟಾದವು. ಕೊಕ್ಕರೆ, ಚಮಚಕೊಕ್ಕು ಮೊದಲಾದ ಹಕ್ಕಿಗಳು ಅವುಗಳನ್ನು ಆರಿಸಿಕೊಂಡುದಕ್ಕೆ ಕಾರಣ ಸರಳ: ನರಿ, ಬೆಕ್ಕುಗಳು ನೀರು ದಾಟಿ ಗೂಡಿನ ಬಳಿಗೆ ಸುಲಭವಾಗಿ ಬರಲಾರವು, ನೀರಿನಲ್ಲಿ ಮೊಸಳೆಗಳೂ ಇವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು.

ಆದರೆ ಕಾಯುವ ನೀರೇ ಕೊರೆಯುವುದೂ ಉಂಟು. ಕೃಷ್ಣರಾಜಸಾಗರದಿಂದ ಹೆಚ್ಚಿನ ನೀರು ಹರಿದಾಗ ನಡುಗಡ್ಡೆಗಳು ಮುಳುಗಿ, ಅಂಚಿನ ಮಣ್ಣು ಕೊಚ್ಚಿಹೋಗಿ, ಮರಗಳ ಬೇರು ಬಯಲಾಗುತ್ತದೆ. ಆಗ ಅರಣ್ಯ ಇಲಾಖೆಯವರು ಮರಳಿನ ಚೀಲಗಳನ್ನು ಒಟ್ಟಿ ಅಂಚನ್ನು ಬಿಗಿಗೊಳಿಸಿ, ಸಸಿ ನೆಡಬೇಕಾಗುತ್ತದೆ. ಒಮ್ಮೆ ಪಕ್ಷಿಧಾಮವೆಂದು ಸಾರಿ ಫಲಕ ನೆಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವವರಿಗೆ ಇದು ಅಷ್ಟಾಗಿ ಕಾಣದು.

ದ್ವೀಪಕ್ಕೆ ಹೊರಗಿನ ಪ್ರಾಣಿ ಹೊಕ್ಕರೆ ಏನಾಗುವುದೆಂಬುದಕ್ಕೆ ಹಿಂದೂ ಮಹಾಸಾಗರದ ಮಾರಿಷಸ್ ಸಾಕ್ಷಿ. ಡಚ್ಚರು 1598ರಲ್ಲಿ ಅಲ್ಲಿ ಇಳಿದರು. ಹಡಗುಗಳೊಡನೆ ಬಂದ ಇಲಿ, ಹಂದಿ, ಕೋತಿಗಳು ನೆಲದ ಮೇಲೆ ಮೊಟ್ಟೆಯಿಡುವ, ಹಾರಲಾರದ ಡೋಡೋ ಹಕ್ಕಿಗೆ ಮುಳುವಾದವು. ನೂರು ವರ್ಷ ತುಂಬುವಷ್ಟರಲ್ಲಿ ಅದರ ಸಂತತಿಯೇ ಅಳಿಯಿತು. ಅದರ ಪಕ್ಕದ ರೌಂಡ್ ಐಲೆಂಡಿನಲ್ಲಿ ಮೇಕೆ, ಮೊಲಗಳು ಸಸಿಯೊಂದನ್ನೂ ಏಳಗೊಡದೆ ಮೇಯುತ್ತಿದ್ದವು. 1979ರ ವೇಳೆಗೆ ಮೇಕೆಗಳನ್ನೂ 1986ರಲ್ಲಿ ಮೊಲಗಳನ್ನೂ ನಿವಾರಿಸಿದ ಮೇಲೆ ಅಲ್ಲಿ ಹಸುರು ಚಿಗುರಿತು.

ಈಗ ನಮ್ಮ ಬಾಗಿಲಿಗೆ ಬರೋಣ. ಹಿಂದೂಪುರದ ಸಮೀಪ, ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ವರ್ಷದ ಆರಂಭದ ತಿಂಗಳುಗಳಲ್ಲಿ ಬಂದು ಮನೆಗಳ ನಡುವಣ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಅಲ್ಲಿ ಸುತ್ತಲೂ ನೀರಿಲ್ಲ. ನೀರಿನ ಕಾವಲನ್ನು ಊರಿನವರೇ ವಹಿಸಿದ್ದಾರೆ. ಕೊಕ್ಕರೆ ಬಂದರೆ ಊರಿಗೆ ಶುಭವೆಂದು ನಂಬಿ, ಅವರು ಅವುಗಳಿಗೆ ಕಲ್ಲೆಸೆಯಗೊಡುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನದೂ ಇದೇ ರೀತಿಯ ಸ್ನೇಹ.

ಆದರೆ ಮರಿಗಳಿಗೆ ಮೀನು ಬೇಕು, ಮೀನಿಗೆ ಕೆರೆ ಬೇಕು. ಕೆರೆ ಬತ್ತಿದ ವರ್ಷ ಊರಿನವರ ಅಕ್ಕರೆಯೊಂದರಿಂದಲೇ ಮರಿಗಳ ಹೊಟ್ಟೆ ತುಂಬದು. ಆದ್ದರಿಂದ ಕೆರೆಯ ಕಾಲುವೆಗಳನ್ನು ಒತ್ತುವರಿಯಿಂದ ಬಿಡಿಸಿ ಹೂಳೆತ್ತುವುದು ಮೊದಲ ಕೆಲಸ. ಎರಡನೆಯದು ಮರದ್ದು. ಹುಣಸೆಯು ಗೂಡುಗಳ ಭಾರ ಹೊರುವಷ್ಟಾಗಲು ದಶಕಗಳೇ ಹಿಡಿಯುತ್ತವೆ. ಇಂದಿನ ಮರಗಳು ನಿಂತಿರುವಾಗಲೇ ಹೊಸ ಸಸಿಗಳನ್ನು ನೆಟ್ಟು, ಮೇಕೆಗಳು ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿ, ಬೇಸಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಬೇಕು.