ನೆರೆಹೊರೆಯ ಕಟ್ಟಳೆಗಳು

ಮುಂಡಗೋಡ ತಾಲೂಕಿನ ಅತ್ತಿವೇರಿಯು ಹಕ್ಕಿಗಳಿಂದ ಹೆಸರಾದ ಊರು. ಅಲ್ಲಿಯ ಜಲಾಶಯವೂ ಅದರ ದಂಡೆಯ ನೆಲವೂ ಕೂಡಿ ಸುಮಾರು 2.23 ಚದರ ಕಿಲೋಮೀಟರಿನ ಪಕ್ಷಿಧಾಮವಾಗಿರುವದು. ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ, ಬೆಳ್ಳಕ್ಕಿ ಮೊದಲಾದವು ಅಲ್ಲಿ ಒತ್ತೊತ್ತಾಗಿ ಗೂಡು ಕಟ್ಟಿ ಸಂಸಾರ ಹೂಡುತ್ತವೆ. ಅವುಗಳಿಗೆ ಸಂಘವೂ ಇಲ್ಲ, ವರ್ಗಣಿಯೂ ಇಲ್ಲ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಕೆರೆ ಕಾಲುವೆಗಳ ನೀರುಣ್ಣುವ ಯಾವ ಊರಿನ ಒಕ್ಕಲಿಗನನ್ನು ಕೇಳಿದರೂ ಹೇಳುವನು: ಮೇಲಿನ ಹೊಲದವನು ಸರದಿ ಮೀರಿ ನೀರು ಕಟ್ಟಿಕೊಂಡರೆ ಕೆಳಗಿನ ಹೊಲದವನ ಪೈರು ಒಣಗುವದು, ಕಾಲುವೆಯ ಹೂಳೆತ್ತುವ ದಿನ ಮನೆಗೊಂದು ಆಳು ಬಾರದಿದ್ದರೆ ಎಲ್ಲರ ಪೈರೂ ಒಣಗುವದು. ಒಂದು ನೀರಿಗೆ ಹಲವು ಒಡೆಯರಾದಲ್ಲಿ ಕಟ್ಟಳೆ ಹುಟ್ಟಿಯೇ ತೀರುತ್ತದೆ.

ಈಗ ಹುಬ್ಬಳ್ಳಿಯ ಸುತ್ತಲಿನ ಹೊಲಗಳು ಬಿನ್‌ಶೇತ್ಕಿಯಾಗಿ, ಪ್ಲಾಟುಗಳಾಗಿ ಒಡೆಯುತ್ತಿರುವ ಕಾಲ. ಮುಂಡಗೋಡ, ಹಳಿಯಾಳಗಳ ಕಡೆಯ ಗೃಹಸ್ಥರು ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ನೌಕರಿಗೆಂದೋ ಹುಬ್ಬಳ್ಳಿ-ಧಾರವಾಡಗಳಲ್ಲಿ, ಬೆಂಗಳೂರಿನಲ್ಲಿ ಮನೆ ಕೊಳ್ಳುತ್ತಾರೆ. ಕೀಲಿಕೈಯೊಡನೆ ಅವರ ಕೈಗೆ ಒಂದು ತೆಳುವಾದ ಪುಸ್ತಕವೂ ಬರುವದುಂಟು. ಅದು ನಿವಾಸಿಗಳ ಸಂಘದ ಉಪವಿಧಿಗಳ ಪುಸ್ತಕ. ನಮ್ಮ ಕಡೆಯ ಸಹಕಾರೀ ಸಂಘಗಳಲ್ಲಿ ಇದಕ್ಕೇ ಪೋಟನಿಯಮವೆನ್ನುವರು. ಗೃಹಪ್ರವೇಶದ ಗಡಿಬಿಡಿಯಲ್ಲಿ ಅದು ಕಪಾಟಿನ ಮೂಲೆ ಸೇರುವದು. ಮುಂದೆ ನೀರಿಗಾಗಿಯೋ ನಾಯಿಗಾಗಿಯೋ ಮೊದಲನೆಯ ಜಗಳ ಹತ್ತಿದ ದಿನ ಮನೆಯ ಯಜಮಾನರು ಅದನ್ನು ಹುಡುಕಹತ್ತುವರು. ಅದಕ್ಕೆ ಮುಂಚೆಯೇ ಆ ಪುಸ್ತಕವನ್ನು ನಮ್ಮ ವಾಚಕರೊಡನೆ ಒಮ್ಮೆ ತಿರುವಿ ನೋಡಬೇಕೆಂಬುದು ನಮ್ಮ ಇಚ್ಛೆ.

ಇಂಥ ಸಂಘಗಳು ನಿನ್ನೆ ಮೊನ್ನೆ ಬಂದ ಪರದೇಶದ ಪದ್ಧತಿಯೆಂದು ಹಲವರು ತಿಳಿದಿರುವರು. ಹಾಗಲ್ಲ. ನಮ್ಮ ದೇಶದ ಅತ್ಯಂತ ಹಳೆಯ ಗೃಹಸಂಘಗಳಲ್ಲೊಂದನ್ನು ಕಟ್ಟಿದವರು ನಮ್ಮ ಕನ್ನಡ ಜಿಲ್ಲೆಗಳ ಮೂಲದವರೇ. ಉತ್ತರ ಕನ್ನಡವು 1862ರಲ್ಲಿ ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1956ರ ವರೆಗೆ ಮುಂಬಯಿಗೇ ಅಂಟಿಕೊಂಡಿತ್ತು. ಆದುದರಿಂದ ಇಂಗ್ಲಿಷು ಕಲಿತ ತರುಣರು ಮುಂಬಯಿಯ ದಾರಿ ಹಿಡಿಯುವದು ಸಹಜವಾಯಿತು. ಅವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾದ ಸಾರಸ್ವತರು ಬಹಳ ಮಂದಿ. ಮನೆಯ ಮಾತು ಕೊಂಕಣಿ, ಓದು-ಬರಹ ಕನ್ನಡ. ಆದರೆ ಮುಂಬಯಿಯಲ್ಲಿ ಗುಮಾಸ್ತೆಯ ಸಂಬಳಕ್ಕೆ ತಕ್ಕ ಮನೆಯೆಲ್ಲಿತ್ತು? 1896ರಲ್ಲಿ ಪ್ಲೇಗು ಹೊಕ್ಕ ಮೇಲೆ ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನರು ಹೇಗೆ ಬಾಳುತ್ತಿದ್ದರೆಂಬುದು ಸರಕಾರದ ಕಣ್ಣಿಗೂ ಬಿತ್ತು. 1898ರಲ್ಲಿ ನಗರ ಸುಧಾರಣೆಗಾಗಿ ಒಂದು ಟ್ರಸ್ಟು ಸ್ಥಾಪಿತವಾಯಿತು. ಅದು ಹಳೆಯ ಮನೆಗಳನ್ನು ಕೆಡವಿದ ವೇಗದಲ್ಲಿ ಬಡವರಿಗೆ ಹೊಸ ಮನೆ ಕಟ್ಟಿಕೊಡಲಿಲ್ಲ.

ಈ ಸಂಕಟದ ನಡುವೆ ಮುಂದಾದವರು ಶ್ರೀಪಾದ ಸುಬ್ಬರಾವ್ ತಲ್ಮಕಿ ಎಂಬ ಮಹನೀಯರು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಒಕ್ಕಲಿಗರ ಪತ್ತಿನ ಸಂಘವನ್ನು ಕಟ್ಟಿ ಸಹಕಾರದ ಬೀಜ ಬಿತ್ತಿದ್ದರಷ್ಟೆ. ಮರುವರುಷವೇ, 1906ರಲ್ಲಿ, ತಲ್ಮಕಿಯವರು ಮುಂಬಯಿಯಲ್ಲಿ ಶಾಮರಾವ್ ವಿಠಲ ಸಹಕಾರೀ ಬ್ಯಾಂಕನ್ನು ತೆರೆದರು. ಸಾಲದ ಸಂಘ ಮಾಡಿದವರಿಗೆ ಮನೆಯ ಸಂಘವೇಕೆ ಆಗಬಾರದೆನಿಸಿತು. ಆದರೆ ಬ್ರಿಟಿಷ್ ಇಂಡಿಯಾದ 1904ರ ಕಾಯಿದೆಯು ಸಾಲ ಕೊಡುವ ಸಂಘಗಳಿಗೆ ಮಾತ್ರ ಆಸ್ಪದ ಕೊಟ್ಟಿತ್ತು. 1912ರ ಹೊಸ ಕಾಯಿದೆಯಿಂದ ಆ ಅಡ್ಡಿ ತೊಲಗಿತು. 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರೀ ಗೃಹಸಂಘವು ತಲೆಯೆತ್ತಿತು. ಮೈಸೂರು ಸಂಸ್ಥಾನವು 1905ರಲ್ಲಿಯೇ ತನ್ನದೊಂದು ಸಹಕಾರ ಕಾಯಿದೆ ಮಾಡಿಕೊಂಡಿದ್ದರಿಂದ ಬೆಂಗಳೂರಿಗರು ಇನ್ನೂ ಮುಂಚೆ, 1909ರಲ್ಲಿಯೇ, ಗೃಹನಿರ್ಮಾಣ ಸಂಘವನ್ನು ನೋಂದಾಯಿಸಿದ್ದರು. ಮೊದಲಿನವರು ಯಾರೆಂದು ಮುಂಬಯಿಯವರೂ ಬೆಂಗಳೂರಿಗರೂ ವಾದಿಸಲಿ. ಎರಡು ಕಡೆಗೂ ಕನ್ನಡದ ನಂಟಿದೆಯೆಂಬುದು ನಮಗೆ ಸಾಕು.

ಗಾಂವದೇವಿಯ ಸಂಘದ ವ್ಯವಸ್ಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಯಾಕಂದರೆ ಅದರ ತಿರುಳು ಅಲ್ಲಿದೆ. ಇಂಗ್ಲಂಡದಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್ ಎಂಬಲ್ಲಿ, 1901ರಲ್ಲಿ ಬಾಡಿಗೆದಾರರೇ ಕೂಡಿ ಮಾಲಕರಾಗುವ ಒಂದು ಪದ್ಧತಿ ಆರಂಭವಾಗಿತ್ತು. ಅದೇ ಮಾದರಿ ಇಲ್ಲಿಗೂ ಬಂದಿತು. ಸಭಾಸದನು ಷೇರು ಕೊಳ್ಳುವನು. ಷೇರಿನ ಹಣ ಮತ್ತು ಸಾಲದಿಂದ ಸಂಘವು ಕಟ್ಟಡ ಕಟ್ಟುವದು. ಸಭಾಸದನು ಅದರಲ್ಲೊಂದು ಬಿಡಾರದಲ್ಲಿದ್ದು ಸಂಘಕ್ಕೆ ಬಾಡಿಗೆ ತೆರುವನು. ಗೋಡೆಯಾಗಲಿ ನೆಲವಾಗಲಿ ಅವನೊಬ್ಬನದಲ್ಲ, ಸಂಘದ್ದು. ತಿಂಗಳ ಮೊದಲಲ್ಲಿ ಅವನು ಬಾಡಿಗೆ ಕೊಡುವ ಬಿಡಾರದವನು. ಸಾಮಾನ್ಯ ಸಭೆಯ ದಿನ ಅವನೇ ಮನೆಯೊಡೆಯ. ಬಾಡಿಗೆ ಏರಿಸುವದಕ್ಕೂ ಕೈ ಎತ್ತುವವನು ಅವನೇ, ಏರಿದ ಬಾಡಿಗೆ ತೆರುವವನೂ ಅವನೇ. ಇದಕ್ಕಿಂತ ನ್ಯಾಯವಾದ ಕಟ್ಟಳೆಯನ್ನು ನಾವು ಕಾಣೆವು. ನಿಯಮ ಮಾಡುವವನಿಗೆ ನಿಯಮದ ಬಿಸಿ ತಟ್ಟುವಷ್ಟು ಕಾಲ ನಿಯಮವು ಹದ ತಪ್ಪುವದಿಲ್ಲ. ತಾರದೇವದಲ್ಲಿಯ ತಲ್ಮಕಿವಾಡಿಯು ಇಂದಿಗೂ ಆ ಮಹನೀಯರ ಹೆಸರನ್ನು ಉಳಿಸಿಕೊಂಡಿದೆ.

ಆದರೆ ಆ ಸಂಘವು ಒಂದೇ ಸಮಾಜದವರದಾಗಿತ್ತು. ಇಲ್ಲಿ ಒಂದು ತೊಡಕಿನ ಪ್ರಶ್ನೆ ಏಳುತ್ತದೆ. ನೆರೆಹೊರೆಯವರು ಸೇರಿ ನೀರು, ಮೆಟ್ಟಿಲು, ಕಸಗಳ ಬಗ್ಗೆ ಕಟ್ಟಳೆ ಮಾಡಬಹುದು ಸರಿ. ಯಾರು ನೆರೆಯವರಾಗಬೇಕೆಂದೂ ಕಟ್ಟಳೆ ಮಾಡಬಹುದೆ? ಅಮೇರಿಕೆಯಲ್ಲಿ ಈ ಪ್ರಶ್ನೆಯು ಬಹು ಕಹಿಯಾಗಿ ಬಂದಿತು. ಅಲ್ಲಿಯ ಎಷ್ಟೋ ಬಡಾವಣೆಗಳಲ್ಲಿ ಕರಿಯರಿಗೆ ಮನೆ ಮಾರಕೂಡದೆಂಬ ಕರಾರು ಇತ್ತು. 1948ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಾಲಯವು, ಇಂಥ ಕರಾರನ್ನು ನ್ಯಾಯಾಲಯಗಳು ಜಾರಿಗೆ ತರಲಾರವೆಂದು ತೀರ್ಪಿತ್ತಿತು. ನಮ್ಮಲ್ಲಿ ಮಾತು ಬೇರೆಯಾಯಿತು. ಅಹಮ್ಮದಾಬಾದಿನ ಪಾರ್ಸಿಗಳ ಗೃಹಸಂಘವೊಂದು 1926ರಲ್ಲಿ ನೋಂದಣಿಯಾಗಿತ್ತು. ಪಾರ್ಸಿಗಳಲ್ಲದವರಿಗೆ ಸಭಾಸದತ್ವವಿಲ್ಲವೆಂಬುದು ಅದರ ಉಪವಿಧಿ. ಗುಜರಾತದ ಉಚ್ಚ ನ್ಯಾಯಾಲಯವು ಇದು ಸಲ್ಲದೆಂದಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿ, ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದಲ್ಲಿ ಇದೂ ಅಡಗಿದೆಯೆಂದು ಉಪವಿಧಿಯನ್ನು ಎತ್ತಿಹಿಡಿಯಿತು.

ಕಾಯಿದೆಯ ಮಾತು ಹಾಗಿರಲಿ. ಗೃಹಸ್ಥನ ಮನಸ್ಸು ಏನು ಹೇಳುತ್ತದೆ? ಅತ್ತಿವೇರಿಯಿದ್ದ ತಾಲೂಕಿನಲ್ಲಿಯೇ, ಮುಂಡಗೋಡದ ಬಳಿ, 1966ರಿಂದ ಟಿಬೇಟಿನ ನಿರಾಶ್ರಿತರ ವಸತಿಯಿದೆ. ನೆಲ ಸರಕಾರದ್ದು, ಶಿಬಿರಗಳಿಗೆ ಅಂಕಿಗಳೇ ಹೆಸರು, ಶಿಬಿರಕ್ಕೊಬ್ಬ ಮುಖಂಡ. ತಾಯ್ನಾಡು ಕಳೆದುಕೊಂಡ ಆ ಜನರು ಒಂದೆಡೆ ಕೂಡಿ ಇರದಿದ್ದರೆ ಅವರ ಭಾಷೆ-ಧರ್ಮಗಳು ಎಂದೋ ಚೆದರಿಹೋಗುತ್ತಿದ್ದವು. ಪರಸ್ಥಳದಲ್ಲಿ ಅಲ್ಪಸಂಖ್ಯರಾದ ದುರ್ಬಲರು ಒತ್ತಿಕೊಂಡು ಕೂಡುವದು ಚಳಿಗೆ ಕಂಬಳಿ ಹೊದ್ದಂತೆ. 1915ರ ಗುಮಾಸ್ತರ ಮಾತೂ ಅದೇ. ಆದರೆ ಇಂದು ಊರಿನಲ್ಲಿ ಬಲವುಳ್ಳವರೇ ಸೇರಿ, ಬಾಡಿಗೆ ಕೇಳಬಂದವರ ಅಡಿಗೆಮನೆಯಲ್ಲಿ ಏನು ಬೇಯುವದೆಂದು, ಅವರ ಅಡ್ಡಹೆಸರೇನೆಂದು, ಮದುವೆಯಾಗಿದೆಯೆ ಎಂದು ವಿಚಾರಿಸಿ ಬಾಗಿಲು ಮುಚ್ಚುವದು ಕಂಬಳಿಯಲ್ಲ, ಗೋಡೆ. ಇವೆರಡಕ್ಕೂ ಒಂದೇ ಉಪವಿಧಿಯ ಹೆಸರು ಕೊಡಲು ನಮ್ಮ ಮನಸ್ಸು ಒಪ್ಪದು.

ಈಗ ಕರ್ನಾಟಕದ ಗೃಹಸ್ಥರಿಗೆ ಅವಶ್ಯವಾದ ಮಾತಿಗೆ ಬರೋಣ. ಸಂಘವೆಂದರೆ ಎಲ್ಲವೂ ಒಂದೇ ಅಲ್ಲ. ಪ್ಲಾಟು ಕೊಂಡು ತಾನೇ ಮನೆ ಕಟ್ಟುವ ಬಡಾವಣೆ ಬೇರೆ, ಮಾಳಿಗೆಯ ಮೇಲೆ ಮಾಳಿಗೆಯಾಗಿ ಫ್ಲ್ಯಾಟುಗಳಿರುವ ಕಟ್ಟಡ ಬೇರೆ. ಬಡಾವಣೆಗೆ ಮಂಜೂರಾತಿ ಪಡೆಯುವಾಗ ಅದರ ರಸ್ತೆಗಳನ್ನೂ ಉದ್ಯಾನದ ಜಾಗವನ್ನೂ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕಾಗುತ್ತದೆ. ಹಾಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು. ಅಲ್ಲಿಯ ನಿವಾಸಿಗಳ ಸಂಘವು ಗಿಡ ನೆಡಬಹುದು, ದೀಪಕ್ಕಾಗಿ ಪಟ್ಟಣ ಪಂಚಾಯತಿಗೆ ಅರ್ಜಿ ಬರೆಯಬಹುದು. ಅಡ್ಡಗೇಟು ಹಾಕಿ ದಾರಿಹೋಕರನ್ನು ತಡೆಯುವ ಹಕ್ಕು ಅದಕ್ಕಿಲ್ಲ. ಫ್ಲ್ಯಾಟಿನ ಕಟ್ಟಡದಲ್ಲಿಯಾದರೋ ಮೆಟ್ಟಿಲು, ಮಾಳಿಗೆ, ನೀರಿನ ಟಾಕಿ, ಅಂಗಳಗಳು ಎಲ್ಲ ಒಡೆಯರ ಅವಿಭಕ್ತ ಸೊತ್ತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯು ಈ ಅವಿಭಕ್ತ ಪಾಲನ್ನು ಶೇಕಡಾ ಲೆಕ್ಕದಲ್ಲಿ ಘೋಷಣಾಪತ್ರದಲ್ಲಿ ಬರೆದಿಡಬೇಕೆನ್ನುತ್ತದೆ. 1959ರ ಸಹಕಾರೀ ಸಂಘಗಳ ಕಾಯಿದೆಯ ಪ್ರಕಾರ ಒಬ್ಬ ಸಭಾಸದನಿಗೆ ಒಂದೇ ಮತ. ಅಪಾರ್ಟ್‌ಮೆಂಟ್ ಕಾಯಿದೆಯ ಸಂಘದಲ್ಲಿ ಪಾಲಿನ ಪ್ರಮಾಣಕ್ಕೆ ತಕ್ಕ ಮತ. ಒಂದರಲ್ಲಿ ಮನುಷ್ಯನಿಗೆ ಮತ, ಇನ್ನೊಂದರಲ್ಲಿ ಮನೆಗೆ. ತಮ್ಮ ಸಂಘವು ಯಾವ ಕಾಯಿದೆಯ ಅಡಿಯಲ್ಲಿ ನೋಂದಣಿಯಾಗಿದೆಯೆಂದು ಎಷ್ಟು ಮನೆಗಳ ಯಜಮಾನರು ಬಲ್ಲರು?

ಇನ್ನು ವರ್ಗಣಿಯ ಜಗಳ. ನೆಲಮಹಡಿಯ ಗೃಹಸ್ಥರು, "ನಾವು ಲಿಫ್ಟು ಹತ್ತುವದಿಲ್ಲ, ಅದರ ಖರ್ಚು ನಮಗೇಕೆ?" ಎನ್ನುವರು. ಊರಲ್ಲಿಲ್ಲದೆ ಮನೆಗೆ ಬೀಗ ಹಾಕಿದವರು, "ಒಂದು ಕೊಡ ನೀರು ಬಳಸಿಲ್ಲ" ಎನ್ನುವರು. ಮೇಲ್ನೋಟಕ್ಕೆ ಸರಿಯೆನಿಸುವ ವಾದ. ಆದರೆ ಸಾಮಾನ್ಯ ಸೌಕರ್ಯವನ್ನು ಬಳಸುವದಿಲ್ಲವೆಂದೋ ಮನೆ ಬಿಟ್ಟು ಹೋಗಿದ್ದೇನೆಂದೋ ಹೇಳಿ ಯಾವ ಒಡೆಯನೂ ಸಾಮಾನ್ಯ ಖರ್ಚಿನ ಹೊಣೆಯಿಂದ ಜಾರಿಕೊಳ್ಳಲಾಗದೆಂದು ಆ 1972ರ ಕಾಯಿದೆಯೇ ಹೇಳುತ್ತದೆ. ತೆರದೆ ಉಳಿದ ಬಾಕಿಯು ಆ ಮನೆಯ ಮೇಲಿನ ಬೋಜವಾಗಿ ಕೂಡುವದು. ಆದುದರಿಂದ ಹಳೆಯ ಫ್ಲ್ಯಾಟು ಕೊಳ್ಳುವವರು ಸಂಘದಿಂದ ಬಾಕಿಯಿಲ್ಲವೆಂಬ ಚೀಟಿಯನ್ನು ಬರೆಯಿಸಿಕೊಂಡೇ ಮುಂಗಡ ಕೊಡುವದು ಲೇಸು. ಇಲ್ಲವಾದರೆ ಹಿಂದಿನವರ ಬಾಕಿ ಹೊಸಬರ ಹೊಸ್ತಿಲಿಗೆ ಬಂದು ನಿಲ್ಲುವದು.

ಸಂಘದ ಅಧಿಕಾರಕ್ಕೂ ಎಲ್ಲೆಯುಂಟು. ನಾಯಿ ಸಾಕುವದನ್ನೇ ನಿಷೇಧಿಸಲು ಸಂಘಕ್ಕೆ ಬಹುಮತದಿಂದಲೂ ಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಸೂಚನೆಗಳಲ್ಲಿ ತಿಳಿಸಿತು. ನಾಯಿಯ ಒಡೆಯರು ಇದನ್ನೋದಿ ಹಿಗ್ಗುವದರ ಜೊತೆಗೆ ಅದರ ಹೇಸಿಗೆಯನ್ನು ತಾವೇ ಬಳಿಯುವದೂ ಆಗಲಿ. ಕಸದ ವಿಷಯದಲ್ಲಿ 2016ರ ನಿಯಮಗಳು ಹಸಿ, ಒಣ, ಅಪಾಯಕರ ಎಂದು ಮೂರು ಬಗೆ ಮಾಡುವ ಹೊಣೆಯನ್ನು ಮನೆಮನೆಗೂ ಹೊರಿಸಿದವು. ಈ ಭಾರವೆಲ್ಲ ಗೃಹಿಣಿಯ ತಲೆಗೇ ಬಂದುದನ್ನು ಸಮಿತಿಯ ಗಂಡಸರು ಗಮನಿಸಿದಂತೆ ಕಾಣದು. ಕೆಲವು ಕಟ್ಟಡಗಳಲ್ಲಿ ಮನೆಗೆಲಸದ ಹೆಂಗಸರಿಗೆ ಬೇರೆ ಲಿಫ್ಟು, ಅಥವಾ ಮೆಟ್ಟಿಲೇ ಗತಿ. ಐದನೆಯ ಮಾಳಿಗೆಯಲ್ಲಿ ನಮ್ಮ ಪಾತ್ರೆ ತಿಕ್ಕಲು ಬರುವ ತಾಯಿಯನ್ನು ನಮ್ಮ ಲಿಫ್ಟಿನಲ್ಲಿ ಹತ್ತಿಸೆವೆಂಬ ನಿಯಮವನ್ನು ಬರೆದ ಕೈ ಯಾವ ಶಾಲೆಯಲ್ಲಿ ಅಕ್ಷರ ಕಲಿತಿತೋ!

ಹೊಸ ಕಟ್ಟಡದಲ್ಲಿ ಮನೆ ಕೊಳ್ಳುವವರು 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯನ್ನು, ಜನರ ಬಾಯಲ್ಲಿ 'ರೇರಾ' ಎನಿಸಿಕೊಂಡಿರುವದನ್ನು, ತಿಳಿದಿರಬೇಕು. ಅರ್ಧಕ್ಕೂ ಮಿಕ್ಕಿ ಮನೆಗಳು ಬುಕ್ಕಾದ ಮೇಲೆ, ಸ್ಥಳೀಯ ಕಾಯಿದೆ ಬೇರೆ ಅವಧಿ ಹೇಳದಿದ್ದರೆ, ಮೂರು ತಿಂಗಳೊಳಗೆ ಕೊಂಡವರ ಸಂಘವಾಗಬೇಕು. ಸಾಮಾನ್ಯ ಜಾಗಗಳನ್ನು ಬಿಲ್ಡರನು ಆ ಸಂಘದ ಹೆಸರಿಗೆ ಬರೆದುಕೊಡಬೇಕು. ಸ್ವಾಧೀನ ಕೊಟ್ಟ ಐದು ವರುಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದರೆ ಅವನು ಪುಕ್ಕಟೆಯಾಗಿ ಸರಿಪಡಿಸಬೇಕು. ಬಿಲ್ಡರನು ಲೆಕ್ಕಪತ್ರಗಳನ್ನೂ ನಕಾಶೆಗಳನ್ನೂ ತನ್ನಲ್ಲಿಯೇ ಇಟ್ಟುಕೊಂಡು ವರ್ಗಣಿ ಎತ್ತುತ್ತ ಹೋದಷ್ಟು ಕಾಲ ನಿವಾಸಿಗಳ ಸಭೆಯು ಚಹಾದ ಕೂಟವೇ ಸರಿ.

ಆದರೆ ಈ ಕಾಯಿದೆಗೆ ಎಂಟಕ್ಕಿಂತ ಹೆಚ್ಚಿಲ್ಲದ ಫ್ಲ್ಯಾಟುಗಳ ಕಟ್ಟಡವೂ 500 ಚದರ ಮೀಟರ್ ಮೀರದ ನೆಲವೂ ನೋಂದಣಿಯ ಮಟ್ಟಿಗೆ ಹೊರಗೆ. ಮುಂಡಗೋಡದಂಥ ಚಿಕ್ಕ ಊರುಗಳಲ್ಲಿ ಏಳುವ ಕಟ್ಟಡಗಳು ಹೆಚ್ಚಾಗಿ ಈ ಅಳತೆಯವೇ ಆಗಿರುತ್ತವೆ. ಅಲ್ಲಿ ಆರು ಮನೆಯವರು ತಾವೇ ಕೂತು ಪುಸ್ತಕ ಬರೆಯಬೇಕಾಗುವದು: ಪಂಪಿನ ವಿದ್ಯುತ್ತಿನ ಬಿಲ್ಲು ಯಾರ ಹೆಸರಿನಲ್ಲಿರತಕ್ಕದ್ದು, ಟಾಕಿಯನ್ನು ಎಷ್ಟು ತಿಂಗಳಿಗೊಮ್ಮೆ ತೊಳೆಯಿಸತಕ್ಕದ್ದು, ಮಾಳಿಗೆಯ ಬೀಗದ ಕೈ ಯಾರಲ್ಲಿರತಕ್ಕದ್ದು, ಮಳೆಗಾಲದ ಮುಂಚೆ ಸೋರುವ ಚಾವಣಿಗೆ ಆರು ಮನೆಯವರೂ ಕೊಡತಕ್ಕದ್ದೋ ಮೇಲಿನ ಇಬ್ಬರೇ ಕೊಡತಕ್ಕದ್ದೋ. ಚಾವಣಿಯು ಆರೂ ಮನೆಯವರದೆಂದು ನಮ್ಮ ಅಭಿಪ್ರಾಯ. ಮಳೆ ಹಿಡಿಯುವದಕ್ಕೆ ಮೊದಲೇ ಅದನ್ನು ಬರೆದು ಆರೂ ಜನರ ಸಹಿ ಹಾಕಿಸಿಟ್ಟುಕೊಳ್ಳಲಿ.