ಒಂದು ಗಡಿಯಾರ ಓಡಲು ಇನ್ನೊಂದು ಸಾಯಬೇಕೆ?

ಯಶವಂತಪುರದ ನಾಲ್ಕಡಿ ಅಗಲದ ಅಂಗಡಿಯೊಂದರಲ್ಲಿ ಹಿರಿಯ ರಿಪೇರಿಗಾರರು ಕಣ್ಣಿಗೆ ಒತ್ತಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದಿಟ್ಟು ಹೇಳಿದರು: ‘ಇದು ಓಡಬೇಕಾದರೆ ಇಂಥದೇ ಇನ್ನೊಂದು ತನ್ನಿ ಸ್ವಾಮಿ. ಅದನ್ನು ಬಿಚ್ಚಿ ಇದಕ್ಕೆ ಹಾಕೋಣ.’ ಅವರ ಮುಂದಿದ್ದುದು ರೈಲ್ವೆಯಲ್ಲಿ ದುಡಿದ ನನ್ನ ತಾತನ ಜೇಬುಗಡಿಯಾರ. ಡಯಲಿನ ಮೇಲೆ ವೆಸ್ಟ್ ಎಂಡ್ ವಾಚ್ ಕಂಪೆನಿಯ ಹೆಸರು. ಒಳಗಿನ ಯಂತ್ರ ಸ್ವಿಟ್ಜರ್ಲೆಂಡಿನದು. ಕೈಜಾರಿ ಬಿದ್ದು ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿತ್ತು.

ಆ ಅಚ್ಚಿನ ತುದಿ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದನ್ನು ನೆಚ್ಚಿಕೊಂಡ ಚಕ್ರ ಸೆಕೆಂಡಿಗೆ ಐದು ಬಾರಿ, ಅಂದರೆ ದಿನವೊಂದಕ್ಕೆ 4,32,000 ಬಾರಿ ಬಡಿಯುತ್ತದೆ. ಆಘಾತ ತಡೆಯುವ ಏರ್ಪಾಡಿಲ್ಲದ ಹಳೆಯ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಮೊದಲು ಮುರಿಯುವುದೇ ಈ ಅಚ್ಚು. ಇಂತಹ ಬಿಡಿಭಾಗಗಳ ತಯಾರಿಕೆ ಎಂದೋ ನಿಂತಿದೆ. ಅದೇ ಮಾದರಿಯ ಯಂತ್ರದ್ದಲ್ಲದೆ ಬೇರೆಯದು ಹೊಂದುವುದಿಲ್ಲ. ಕೆಲವೊಮ್ಮೆ ಅದೇ ಮಾದರಿಯದೂ ಉಜ್ಜಿ ಸರಿಪಡಿಸದೆ ಕೂರುವುದಿಲ್ಲ.

ಈ ಕೊರತೆಯಿಂದಲೇ ಒಂದು ವ್ಯಾಪಾರ ಹುಟ್ಟಿಕೊಂಡಿದೆ. ಬೆಳ್ಳಿಯ ಕವಚ ತೂಕಕ್ಕೆ ಮಾರಾಟವಾಗಿ ಕುಲುಮೆ ಸೇರುತ್ತದೆ. ಯಂತ್ರ, ಮುಳ್ಳು, ಡಯಲುಗಳು ಬೇರೆ ಬೇರೆ ಪೊಟ್ಟಣಗಳಾಗಿ ಕೈ ಬದಲಾಗುತ್ತವೆ. ಇಡಿಯಾಗಿ ಮಾರುವುದಕ್ಕಿಂತ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಸಿಗುವುದೂ ಉಂಟು. ಕೊನೆಗೆ ಒಂದರ ಡಯಲಿಗೆ ಹೊಸ ಬಣ್ಣ ಬಳಿದು, ಇನ್ನೊಂದರ ಮುಳ್ಳು ಸೇರಿಸಿ, ಮೂರನೆಯದರ ಕವಚ ತೊಡಿಸಿದ ಗಡಿಯಾರ ‘ಅಸಲಿ’ ಎಂಬ ಹೆಸರಿನಲ್ಲಿ ಸಂಗ್ರಹಕಾರನ ಕಪಾಟು ಸೇರುತ್ತದೆ. ಉಳಿಸುವ ಹವ್ಯಾಸವೇ ಅಳಿಸುವ ಕೆಲಸಕ್ಕೆ ಇಳಿಯುವುದೆಂದರೆ ಇದೇ.

ವಿಪರ್ಯಾಸವೆಂದರೆ, ಇದು ನಡೆಯುತ್ತಿರುವುದು ಯಂತ್ರಗಳನ್ನು ಮಾಡುವ ಯಂತ್ರಗಳನ್ನೇ ತಯಾರಿಸಿದ ನೆಲದಲ್ಲಿ. ಯಶವಂತಪುರದಿಂದ ಕೂಗಳತೆಯಲ್ಲಿರುವ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ತಲೆಯೆತ್ತಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಅಲ್ಲಿ ಗಡಿಯಾರ ಕಾರ್ಖಾನೆ ಸ್ಥಾಪನೆಯಾಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಕೈಗಡಿಯಾರಗಳಷ್ಟೇ ಅಲ್ಲ, ಜೇಬುಗಡಿಯಾರಗಳೂ ಅಂಧರಿಗಾಗಿ ಬ್ರೈಲ್ ಗಡಿಯಾರಗಳೂ ಎಚ್‌ಎಂಟಿಯಿಂದ ಬಂದವು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದರೊಂದಿಗೆ ಸಾಮಾನ್ಯರ ಜನತಾ, ಪೈಲಟ್ ಗಡಿಯಾರಗಳೂ ಸಂಗ್ರಹಯೋಗ್ಯ ವಸ್ತುಗಳಾದವು. ಅವುಗಳ ಬಿಡಿಭಾಗಗಳೂ ಅದೇ ಹಾದಿ ಹಿಡಿದವು.

ನನಗೆ ತಾತನ ಗಡಿಯಾರದ ಜೋಡಿಯೊಂದು ದೊರೆಯಿತು. ಕವಚದ ಹಿಂಬದಿಯಲ್ಲಿ ಯಾರದೋ ಹೆಸರು, ನಿವೃತ್ತಿಯ ವರ್ಷ ಕೆತ್ತಲಾಗಿತ್ತು. ಕೀಲಿ ಕೊಟ್ಟೊಡನೆ ಓಡತೊಡಗಿತು. ಅದೂ ಯಾರದೋ ತಾತನದು. ಬಿಚ್ಚಿಸಲು ಮನಸ್ಸು ಒಪ್ಪಲಿಲ್ಲ. ರಿಪೇರಿಗಾರರೇ ಜಾಲಹಳ್ಳಿಯ ನಿವೃತ್ತ ಟೂಲ್‌ರೂಂ ಕೆಲಸಗಾರರೊಬ್ಬರ ಬಳಿಗೆ ಕಳುಹಿಸಿದರು. ಅವರು ಮನೆಯ ಪುಟ್ಟ ಲೇತ್‌ನಲ್ಲಿ ಉಕ್ಕಿನ ಕಡ್ಡಿಯಿಂದ ಹೊಸ ಅಚ್ಚು ಕಡೆದರು. ಮೂರು ಮುರಿದವು, ನಾಲ್ಕನೆಯದು ಕೂತಿತು. ಖರ್ಚು ಜೋಡಿ ಗಡಿಯಾರದ ಬೆಲೆಗಿಂತ ಹೆಚ್ಚೇ ಆಯಿತು. ಆದರೆ ಈಗ ಎರಡೂ ಓಡುತ್ತಿವೆ.

ಆ ಹಿರಿಯರ ಕೈಚಳಕವನ್ನು ಕಲಿತವರು ಯಾರೂ ಇಲ್ಲ ಎಂಬುದೇ ಚಿಂತೆಯ ವಿಷಯ. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪರಂಪರೆ ಕೇಂದ್ರ ಹಳೆಯ ಗಡಿಯಾರಗಳನ್ನು ಗಾಜಿನ ಹಿಂದೆ ಕಾಪಾಡುತ್ತಿದೆ, ಅದು ಸ್ವಾಗತಾರ್ಹ. ಅದರ ಜೊತೆಗೆ ಐಟಿಐಗಳಲ್ಲೋ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲೋ ಬಿಡಿಭಾಗ ಕಡೆಯುವ ಕಿರು ತರಬೇತಿಯೊಂದು ಆರಂಭವಾದರೆ, ನಿವೃತ್ತ ಕಾರ್ಮಿಕರೇ ಗುರುಗಳಾಗಬಲ್ಲರು. ಸಂಗ್ರಹಕಾರರೂ ಒಂದು ನಿಯಮ ಹಾಕಿಕೊಳ್ಳಬೇಕು: ಓಡುವ ಗಡಿಯಾರವನ್ನು ಬಿಡಿಭಾಗಕ್ಕಾಗಿ ಒಡೆಯಬಾರದು, ಬದಲಿಸಿದ ಭಾಗವೇನೆಂದು ಚೀಟಿಯಲ್ಲಿ ಬರೆದಿಟ್ಟೇ ಮಾರಬೇಕು.

ಒಡೆಯಲು ಸಿಗುವ ಗಡಿಯಾರಗಳು ಒಂದಲ್ಲ ಒಂದು ದಿನ ಮುಗಿದೇ ಹೋಗುತ್ತವೆ. ಅಚ್ಚು ಕಡೆಯಬಲ್ಲ ಕೈಗಳು ಅದಕ್ಕೂ ಮೊದಲೇ ಮುಗಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.