ಬೆಟ್ಟದ ದಾರಿ, ಮಗಳ ಸೈಕಲ್

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವುದೇ ಹಳ್ಳಿಗೆ ಹೋಗಿ ನೋಡಿ. ಒಂದಲ್ಲ ಒಂದು ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದ ಸೈಕಲೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಗಾಳಿಯಿಲ್ಲದ ಟೈರು, ಜೋತುಬಿದ್ದ ಚೈನು, ಹ್ಯಾಂಡಲ್ ಮೇಲೆ ಒಣಗಲು ಹಾಕಿದ ಬಟ್ಟೆ. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ದೊಡ್ಡ ದೋಷವೇನೂ ಇರುವುದಿಲ್ಲ. ಒಂದು ಪಂಕ್ಚರ್, ಸವೆದ ಎರಡು ಬ್ರೇಕ್ ರಬ್ಬರ್, ಎಣ್ಣೆ ಕಾಣದ ಚೈನು, ಅಷ್ಟೇ. ಆದರೆ ಆ ಸೈಕಲ್ ನಿಂತ ದಿನವೇ ಆ ಮನೆಯ ಹುಡುಗಿಯ ಓಡಾಟವೂ ನಿಂತಿರುತ್ತದೆ.

ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಬಂದಾಗ ವಿತರಣೆ ನಿಂತುಹೋಯಿತು. ಅದೇ 2006ರಲ್ಲಿ ಬಿಹಾರ ಸರಕಾರವೂ ಒಂಬತ್ತನೆಯ ತರಗತಿಗೆ ಸೇರುವ ಬಾಲಕಿಯರಿಗೆ ಸೈಕಲ್‌ಗಾಗಿ ಹಣ ಕೊಡತೊಡಗಿತು. ಅಲ್ಲಿನ ಪರಿಣಾಮವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಇಳಿದಿತ್ತು. ಶಾಲೆ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಹಳ್ಳಿಗಳಲ್ಲಿ ಲಾಭ ಹೆಚ್ಚಾಗಿತ್ತು. ಅಂದರೆ ಎಷ್ಟೋ ಹುಡುಗಿಯರ ವಿದ್ಯೆಗೆ ಅಡ್ಡ ನಿಂತಿದ್ದು ಬುದ್ಧಿಯ ಕೊರತೆಯಲ್ಲ, ದಾರಿಯ ದೂರ.

ಆದರೆ ಸೈಕಲ್ ಸಿಕ್ಕಿದ ಮಾತ್ರಕ್ಕೆ ದೂರ ಕಡಿಮೆಯಾಗುವುದಿಲ್ಲ, ಅದು ಓಡುತ್ತಿರಬೇಕು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಾರಕ್ಕೂ ಹೆಚ್ಚು ಕಾಲ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ ಆಕೆ ಹೇಳಿದ್ದು ಇಷ್ಟು: “ಸೈಕಲ್ ಪಂಕ್ಚರ್ ಆಗೇತ್ರಿ ಟೀಚರ್. ಭಾಯಿ ಕೆಲಸಕ್ಕ ಕೊಲ್ಹಾಪುರಕ್ಕ ಹೋಗ್ಯಾನ್ರಿ. ಬಂದ ಮ್ಯಾಲೆ ಮಾಡಿಸಿ ಕೊಡ್ತಾನ್ರಿ.” ಆಕೆಯ ಓದು ಒಂದು ಮುಳ್ಳಿನ ತುದಿಗೆ ಸಿಕ್ಕಿಕೊಂಡಿತ್ತು. ಅಂಗಡಿಗೆ ಹೋಗಲು ಸಂಕೋಚ, ತಾನೇ ಮಾಡಿಕೊಳ್ಳಲು ಗೊತ್ತಿಲ್ಲ. ಸಹೋದರಿಯರೇ, ನಮ್ಮ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಿಸುವುದರ ಜೊತೆಗೆ ಒಂದು ಪಾನಾ ಮತ್ತು ಒಂದು ಪಂಪ್ ಕೂಡ ಕೊಡಿಸಬೇಕೆಂಬುದೇ ಈ ಬರಹದ ಸಾರ.

ನಮ್ಮ ದಾರಿಗೆ ಯಾವ ಸೈಕಲ್?

ನಮ್ಮ ಭಾಗದ ದಾರಿಗಳೆಲ್ಲ ಡಾಂಬರಿನವಲ್ಲ. ಕಲ್ಲು, ಏರಿಳಿತ, ಮಳೆಗಾಲದ ಎರೆ ಮಣ್ಣಿನ ಕೆಸರು. ಇಂಥ ದಾರಿಗೆಂದೇ ಹುಟ್ಟಿದ್ದು ಬೆಟ್ಟದ ಸೈಕಲ್, ಅಂದರೆ ಮೌಂಟನ್ ಬೈಕ್. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಬದಲಾಯಿಸಿಕೊಂಡು ಗುಡ್ಡದಿಂದ ಇಳಿಸತೊಡಗಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದೊಂದು ಸ್ಪರ್ಧೆಯೇ ಆಯಿತು. ನಮ್ಮ ರಾಜ್ಯದಲ್ಲಿ ಗದಗದ ಬಳಿಯ ಬಿಂಕದಕಟ್ಟಿಯಲ್ಲಿ 2022ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆಯಿತು. ನಮ್ಮ ಉತ್ತರ ಕರ್ನಾಟಕದ ಗುಡ್ಡಗಳೂ ಇದಕ್ಕೆ ತಕ್ಕವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಸೈಕಲ್‌ಗೆ ಅಗಲವಾದ ಗೊರಟು ಟೈರು, ನೇರ ಹ್ಯಾಂಡಲ್, ಗಟ್ಟಿ ಬ್ರೇಕ್ ಮತ್ತು ಗೇರ್ ಇರುತ್ತವೆ. ಆದರೆ ಅಂಗಡಿಯಲ್ಲಿ ಎಚ್ಚರವಿರಲಿ. ದಪ್ಪ ಟೈರು ಹಾಕಿ, ಢಾಳಾದ ಬಣ್ಣ ಬಳಿದು, ಗೇರ್ ಇಲ್ಲದ ಭಾರದ ಸೈಕಲ್ಲನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಹಿಂದೆ ಮುಂದೆ ಸ್ಪ್ರಿಂಗ್ ಇರುವುದೆಲ್ಲ ಒಳ್ಳೆಯದಲ್ಲ. ಅಗ್ಗದ ಸ್ಪ್ರಿಂಗ್ ಭಾರ ಹೆಚ್ಚಿಸುತ್ತದೆ, ಕಾಲಿನ ಬಲವನ್ನು ನುಂಗುತ್ತದೆ. ಕೊಳ್ಳುವ ಮೊದಲು ಸೈಕಲ್ಲನ್ನು ಎತ್ತಿ ನೋಡಿ. ನಡುವಿನ ಅಡ್ಡಕೊಳವೆಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಎರಡು ಬೆರಳಷ್ಟಾದರೂ ಅಂತರ ಉಳಿಯಬೇಕು. ಇಳಿಜಾರು ಕೊಳವೆಯ ಸೈಕಲ್ ಹೆಣ್ಣುಮಕ್ಕಳಿಗೆ ಹತ್ತಿ ಇಳಿಯಲು ಸುಲಭ. ಹೊಸದು ಕೊಳ್ಳಲಾಗದಿದ್ದರೆ ಚಿಂತೆಯಿಲ್ಲ. ಹಿತ್ತಲಲ್ಲಿರುವ ಸಾದಾ ಸೈಕಲ್ಲನ್ನೇ ಸರಿಪಡಿಸಿ ಕಲಿಯಬಹುದು. ಮುಂದೆ ಹೇಳುವ ಆರೈಕೆ ಎರಡಕ್ಕೂ ಒಂದೇ.

ಸೀಟು ಮತ್ತು ಉಡುಪು

ಕಲಿಯುವಾಗ ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ತಗ್ಗಿರಲಿ. ಸಮತೋಲ ಬಂದ ಮೇಲೆ ಏರಿಸಬೇಕು. ಪೆಡಲ್ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅದೇ ಸರಿಯಾದ ಎತ್ತರ. ತಗ್ಗು ಸೀಟಿನಲ್ಲಿ ದೂರ ತುಳಿದರೆ ಮೊಣಕಾಲು ನೋಯುತ್ತದೆ. “ಸೈಕಲ್ ಹೊಡೆದರೆ ಮೊಣಕಾಲು ನೋವು” ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

ಪರ್ದಾ ಪಾಲಿಸಿಯೂ ಸೈಕಲ್ ತುಳಿಯಬಹುದು, ಆದರೆ ಬಟ್ಟೆ ಗಾಲಿಗೆ ಸಿಗದಂತೆ ನೋಡಿಕೊಳ್ಳಬೇಕು. ಪಾದದವರೆಗೆ ಇಳಿಯುವ ಬುರ್ಖಾಕ್ಕಿಂತ ಸಡಿಲವಾದ ಉದ್ದ ಕುರ್ತಾ ಮತ್ತು ಪೈಜಾಮ ಸುರಕ್ಷಿತ. ಬಲಗಾಲಿನ ಪೈಜಾಮದ ಅಂಚಿಗೆ ರಬ್ಬರ್ ಬ್ಯಾಂಡ್ ಹಾಕಿ, ಚೈನಿಗೆ ಕವರ್ ಇರಲಿ. ದುಪಟ್ಟಾ ಗಾಳಿಗೆ ಹಾರಿ ಹಿಂದಿನ ಗಾಲಿಗೆ ಸುತ್ತಿಕೊಂಡರೆ ಕುತ್ತಿಗೆಗೇ ಅಪಾಯ. ತೆಳುವಾದ ಹತ್ತಿಯ ಸ್ಕಾರ್ಫ್ ಬಿಗಿಯಾಗಿ ಕಟ್ಟಿ, ಗಂಟು ಅಥವಾ ಪಿನ್ನು ಒತ್ತದಂತೆ ಮೇಲೆ ಹೆಲ್ಮೆಟ್ ಹಾಕಿಕೊಳ್ಳಬೇಕು.

ಎಲ್ಲಿ ಕಲಿಯುವುದು?

ಮೊದಲ ಪಾಠಕ್ಕೆ ಮೂಡಲಗಿಯ ಕಡೆಯ ಬಯಲು ನೆಲ ಚೆನ್ನ. ಮುಂಜಾನೆ ಶಾಲೆಯ ಮೈದಾನದಲ್ಲಿ ಮೊದಲು ಪೆಡಲ್ ತುಳಿಯದೆ, ಕಾಲಿನಿಂದ ನೆಲ ತಳ್ಳುತ್ತಾ ಸಮತೋಲ ಕಲಿಯಲಿ. ಬಳಿಕ ಊರೊಳಗಿನ ದಾರಿ. ಕಾಲುವೆಯ ದಂಡೆ ಸಮತಟ್ಟಾಗಿ ಕಂಡರೂ ಬ್ರೇಕ್ ಹಿಡಿಯಲು ಬರುವವರೆಗೆ ಅಲ್ಲಿ ಬೇಡ. ಕಬ್ಬಿನ ಹಂಗಾಮಿನಲ್ಲಿ ಮುಖ್ಯ ರಸ್ತೆ ಅಪಾಯಕಾರಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಚಾಲಕನಿಗೆ ಹಿಂದೆ ಬರುವ ಸೈಕಲ್ ಕಾಣುವುದಿಲ್ಲ. ಅದರ ಪಕ್ಕದಲ್ಲಿ ನುಸುಳದೆ ಇಳಿದು ನಿಂತುಬಿಡುವುದೇ ಜಾಣತನ.

ಎರಡನೆಯ ಪಾಠ ಹುಕ್ಕೇರಿ ಕಡೆಯ ಸಣ್ಣ ಸಣ್ಣ ಏರುಗಳಲ್ಲಿ. ಆದಿಲ್‌ಶಾಹಿ ಕಾಲದ ಗುಂಬಜ್‌ಗಳನ್ನೋ ಘಟಪ್ರಭಾ ನದಿಯ ಹಿಡಕಲ್ ಜಲಾಶಯವನ್ನೋ ನೋಡಲು ಮನೆಮಂದಿಯೆಲ್ಲ ಹೋಗುವಾಗ ಮಕ್ಕಳು ಸೈಕಲ್ ತೆಗೆದುಕೊಳ್ಳಲಿ. ಗೇರ್ ಬಳಸುವುದನ್ನು ಇಲ್ಲಿಯೇ ಕಲಿಯಬೇಕು. ಏರಿಗೆ ಮುಂದಿನ ಸಣ್ಣ ಹಲ್ಲುಗಾಲಿ, ಹಿಂದಿನ ದೊಡ್ಡ ಹಲ್ಲುಗಾಲಿ. ಏರು ಶುರುವಾಗುವ ಮೊದಲೇ, ಪೆಡಲ್ ಹಗುರವಾಗಿ ತಿರುಗುತ್ತಿರುವಾಗಲೇ ಗೇರ್ ಬದಲಿಸಬೇಕು. ಬಲ ಹಾಕಿ ತುಳಿಯುತ್ತಾ ಬದಲಿಸಿದರೆ ಚೈನು ಕಳಚುತ್ತದೆ.

ಮೂರನೆಯದು ಗೋಕಾಕದ ಕಲ್ಲುದಾರಿ. ಘಟಪ್ರಭಾ ನದಿ 52 ಮೀಟರ್ ಕೆಳಗೆ ಧುಮುಕುವ ಗೋಕಾಕ ಫಾಲ್ಸ್, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ, ಎಲ್ಲ ಕಡೆಯೂ ಬಂಡೆಗಲ್ಲಿನ ನೆಲ. ಇಲ್ಲಿ ಇಳಿಜಾರಿನಲ್ಲಿ ಎರಡೂ ಪೆಡಲ್ ಸಮನಾಗಿಟ್ಟು, ಸೀಟಿನಿಂದ ಸ್ವಲ್ಪ ಎದ್ದು, ಮೈಯನ್ನು ಹಿಂದಕ್ಕೆ ತಂದು, ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಒತ್ತಬೇಕು. ಮುಂದಿನ ಬ್ರೇಕ್ ಒಂದನ್ನೇ ಜೋರಾಗಿ ಹಿಡಿದರೆ ಸವಾರರು ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾರೆ. ಯಾವ ಕೈಯದು ಮುಂದಿನ ಬ್ರೇಕ್ ಎಂದು ನಿಂತಲ್ಲೇ ನೋಡಿಕೊಳ್ಳಿ. ಕಲ್ಲನ್ನು ನೋಡುತ್ತಾ ಹೋದರೆ ಸೈಕಲ್ ಕಲ್ಲಿಗೇ ಹೋಗುತ್ತದೆ. ಕಣ್ಣು ದಾರಿಯ ಮೇಲಿರಲಿ. ಮಳೆಗಾಲದಲ್ಲಿ ಜಲಪಾತದ ಬಂಡೆಗಳ ಮೇಲೆ ಸೈಕಲ್ ಸರ್ವಥಾ ಬೇಡ. ಒಬ್ಬರೇ ಹೋಗುವುದೂ ಬೇಡ.

ಹೊಲಿಗೆ ಯಂತ್ರ ಬಲ್ಲವರಿಗೆ ಸೈಕಲ್ ಕಷ್ಟವಲ್ಲ

ನಮ್ಮ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರವಿದೆ. ಬಾಬಿನ್ ಹಾಕುವುದು, ಎಣ್ಣೆ ಬಿಡುವುದು, ಬೆಲ್ಟ್ ಬಿಗಿ ಮಾಡುವುದು, ಸೂಜಿ ಬದಲಿಸುವುದು ಎಲ್ಲವನ್ನೂ ಹೆಂಗಸರೇ ಮಾಡುತ್ತಾರೆ. ಅದಕ್ಕಾಗಿ ಯಾರೂ ಭಾಯಿಯ ದಾರಿ ಕಾಯುವುದಿಲ್ಲ. ಸೈಕಲ್ ಅದಕ್ಕಿಂತ ಸರಳ ಯಂತ್ರ. ಎಲ್ಲ ಭಾಗಗಳೂ ಕಣ್ಣೆದುರೇ ಇರುತ್ತವೆ.

ಗಾಳಿ: ವಾರಕ್ಕೊಮ್ಮೆ ನೋಡಬೇಕು. ಎಷ್ಟು ಗಾಳಿ ಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅಳೆಯುವ ಸಾಧನ ಇಲ್ಲದಿದ್ದರೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ, ಅತಿ ಸ್ವಲ್ಪ ಮಾತ್ರ ತಗ್ಗಬೇಕು. ಗಾಳಿ ಕಡಿಮೆಯಿದ್ದು ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಪೆಟ್ರೋಲ್ ಬಂಕಿನ ಗಾಳಿ ರಭಸವಾಗಿ ನುಗ್ಗುತ್ತದೆ, ಆದ್ದರಿಂದ ತಡೆದು ತಡೆದು ತುಂಬಬೇಕು.

ಪಂಕ್ಚರ್: ನಮ್ಮ ಕಡೆ ಜಾಲಿ ಮುಳ್ಳು, ನೆಗ್ಗಿನ ಮುಳ್ಳುಗಳೇ ಇದಕ್ಕೆ ಮುಖ್ಯ ಕಾರಣ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಉಳಿದ ಗಾಳಿ ಬಿಟ್ಟು, ಟೈರಿನ ಒಂದು ಅಂಚನ್ನು ಟೈರ್ ಲಿವರ್‌ನಿಂದ ರಿಮ್ಮಿನ ಹೊರಗೆ ತನ್ನಿ. ಸ್ಕ್ರೂಡ್ರೈವರ್ ಬೇಡ, ಟ್ಯೂಬು ಹರಿಯುತ್ತದೆ. ಟ್ಯೂಬು ತೆಗೆದು ಗಾಳಿ ತುಂಬಿ ನೀರಿನಲ್ಲಿ ಅದ್ದಿದರೆ ಗುಳ್ಳೆ ಬರುವಲ್ಲಿ ತೂತಿದೆ. ಆ ಜಾಗವನ್ನು ಒರೆಸಿ, ಒಣಗಿಸಿ, ಉಸುಕಿನ ಕಾಗದದಿಂದ ಉಜ್ಜಿ ತೆಳ್ಳಗೆ ಸೊಲ್ಯೂಷನ್ ಹಚ್ಚಿ. ಇಲ್ಲಿ ಅವಸರ ಮಾಡಬಾರದು. ಐದು ನಿಮಿಷ ಕಾಯಿರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆಯೇ ಪ್ಯಾಚ್ ಇಟ್ಟು ಬಲವಾಗಿ ಒತ್ತಿ. ಟ್ಯೂಬು ಮರಳಿ ಹಾಕುವ ಮೊದಲು ಟೈರಿನ ಒಳಭಾಗವನ್ನು ಬಟ್ಟೆಯಿಂದ ಒರೆಸಿ. ಮುಳ್ಳು ಉಳಿದಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಮರೆತರೆ ಮತ್ತೆ ಅದೇ ಜಾಗದಲ್ಲಿ ಪಂಕ್ಚರ್.

ಬ್ರೇಕ್: ಹಿಡಿಕೆಯನ್ನು ಪೂರ್ತಿ ಒತ್ತಿದಾಗಲೂ ಹ್ಯಾಂಡಲ್‌ಗೂ ಅದಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ತಂತಿ ಸಡಿಲವಾಗಿದೆ. ಹಿಡಿಕೆಯ ಬುಡದಲ್ಲಿರುವ ತಿರುಪನ್ನು ಹೊರಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗಲ್ಲ. ಅದರ ಮೇಲಿನ ಗೆರೆಗಳು ಮಾಸಿದ್ದರೆ ಬದಲಿಸಲೇಬೇಕು. ರಿಮ್ಮಿಗೆ ಅಥವಾ ಡಿಸ್ಕಿಗೆ ಎಣ್ಣೆ ಸೋಕಬಾರದು, ಬ್ರೇಕ್ ಹಿಡಿಯುವುದಿಲ್ಲ.

ಚೈನು: ಹಳೆಯ ಬಟ್ಟೆಯಿಂದ ಧೂಳು ಒರೆಸಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಪ್ರತಿ ಕೊಂಡಿಗೆ ಒಂದೊಂದೇ ಹನಿ ಸೈಕಲ್ ಎಣ್ಣೆ ಬಿಡಿ. ಸ್ವಲ್ಪ ಹೊತ್ತಿನ ಬಳಿಕ ಮೇಲಿನ ಎಣ್ಣೆಯನ್ನು ಒರೆಸಿಬಿಡಿ, ಇಲ್ಲವಾದರೆ ಧೂಳು ಹಿಡಿಯುತ್ತದೆ. ತಕ್ಷಣಕ್ಕೆ ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ, ಆದರೆ ಬೇಗ ಆರುತ್ತದೆ. ಅಡುಗೆಯ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ, ಜಿಗುಟು ಕಟ್ಟುತ್ತದೆ. ಮಳೆಯಲ್ಲಿ ನೆನೆದ ದಿನವೇ ಒರೆಸಿ ಎಣ್ಣೆ ಹಾಕಿದರೆ ತುಕ್ಕು ಬಾರದು.

ಹೊರಡುವ ಮುನ್ನ ಗಾಳಿ, ಬ್ರೇಕ್, ಚೈನು, ಎರಡೂ ಗಾಲಿಗಳ ನಟ್ಟು ಇವನ್ನು ನೋಡಲು ಒಂದು ನಿಮಿಷ ಸಾಕು. ಚೀಲದಲ್ಲಿ ಪಾನಾ, ಪ್ಯಾಚ್, ಸೊಲ್ಯೂಷನ್, ಟೈರ್ ಲಿವರ್, ಸಣ್ಣ ಪಂಪ್ ಇರಲಿ. ಆದರೆ ಗಾಲಿ ಡೊಂಕಾದರೆ, ಚೌಕಟ್ಟು ಬಿರುಕು ಬಿಟ್ಟರೆ, ಪೆಡಲ್ ಬುಡದ ಬೇರಿಂಗ್ ಸದ್ದು ಮಾಡಿದರೆ ಮಿಸ್ತ್ರಿಯ ಬಳಿಗೇ ಒಯ್ಯಬೇಕು.

ಜನ ಏನೆಂದಾರು?

“ಹುಡುಗಿ ಗುಡ್ಡದಲ್ಲಿ ಸೈಕಲ್ ಹೊಡೆದರೆ ಜನ ಏನೆಂದಾರು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರವಾದಿಯವರ(ಸ) ಕಾಲದ ಮಹಿಳೆಯರು ಒಂಟೆ ಸವಾರಿ ಬಲ್ಲವರಾಗಿದ್ದರು. ಒಂಟೆ ಸವಾರಿ ಮಾಡುವ ಕುರೈಶ್ ಮಹಿಳೆಯರನ್ನು ಪ್ರವಾದಿಯವರು(ಸ) ಹೊಗಳಿದ ಮಾತು ಸಹೀಹ್ ಬುಖಾರಿಯಲ್ಲಿದೆ. ಇನ್ನು ನಮ್ಮ ಕಾಲಕ್ಕೆ ಬಂದರೆ, 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಸಾವಿರಾರು ಗ್ರಾಮೀಣ ಮಹಿಳೆಯರು ಕಲಿತರು, ಅವರಲ್ಲಿ ಮುಸ್ಲಿಂ ಮಹಿಳೆಯರೂ ಇದ್ದರು. ಮೊದಮೊದಲು ಗೇಲಿ ಕೇಳಬೇಕಾಯಿತು. ಬಳಿಕ ನೀರು ತರಲು, ಮಕ್ಕಳನ್ನು ಕರೆದೊಯ್ಯಲು, ಹೊಲದ ಬೆಳೆ ಮಾರಲು ಸೈಕಲ್ ಬಂದಾಗ ಗೇಲಿ ತಾನಾಗಿಯೇ ನಿಂತಿತು. ಅಫಘಾನಿಸ್ತಾನದ ಮಾಸೂಮಾ ಅಲಿ ಜಾದಾ ಕಾಬೂಲಿನಲ್ಲಿ ಸೈಕಲ್ ತುಳಿದದ್ದಕ್ಕೆ ಕಲ್ಲೇಟು ತಿಂದರು. ನಂತರ ಫ್ರಾನ್ಸಿನಲ್ಲಿ ಆಶ್ರಯ ಪಡೆದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದ ಪರವಾಗಿ ಹೆಲ್ಮೆಟ್ಟಿನಡಿ ಸ್ಕಾರ್ಫ್ ಧರಿಸಿಯೇ ಸ್ಪರ್ಧಿಸಿದರು.

ನಮ್ಮ ಮಗಳು ಒಲಿಂಪಿಕ್ಸ್‌ಗೆ ಹೋಗಬೇಕೆಂದಿಲ್ಲ. ಶಾಲೆಗೆ ಹೋಗಲಿ, ಕಾಲೇಜಿಗೆ ಹೋಗಲಿ, ಅಜ್ಜಿಗೆ ಔಷಧಿ ತಂದು ಕೊಡಲಿ, ರಜೆಯಲ್ಲಿ ಗುಡ್ಡ ಹತ್ತಿ ಇಳಿದು ಮೈ ಗಟ್ಟಿ ಮಾಡಿಕೊಳ್ಳಲಿ. ಇದಕ್ಕೆ ತಾಯಂದಿರು ಮಾಡಬೇಕಾದ್ದು ಹೆಚ್ಚೇನಿಲ್ಲ. ಈ ಶುಕ್ರವಾರವೋ ಭಾನುವಾರವೋ ಹಿತ್ತಲಿನ ಸೈಕಲ್ಲನ್ನು ಅಂಗಳಕ್ಕೆ ತನ್ನಿ. ಒಂದು ಬುಟ್ಟಿ ನೀರು, ಹಳೆಯ ಬಟ್ಟೆ, ಪ್ಯಾಚ್, ಎಣ್ಣೆ ಇಟ್ಟುಕೊಂಡು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಪ್ಯಾಚ್ ಕಿತ್ತುಬಂದರೂ ಬೇಸರವಿಲ್ಲ, ಎರಡನೆಯದು ನಿಲ್ಲುತ್ತದೆ. ತನ್ನ ಗಾಲಿಯನ್ನು ತಾನೇ ಸರಿಮಾಡಿಕೊಳ್ಳಬಲ್ಲ ಹುಡುಗಿಯನ್ನು ದಾರಿಯ ಮುಳ್ಳು ಹೆಚ್ಚು ಹೊತ್ತು ತಡೆದು ನಿಲ್ಲಿಸಲಾರದು.